ಓಪನ್‌ಸಿವಿ: ಮೂರು ಕಂಪ್ಯೂಟರ್, ಮೂರು ಬೇರೆ ಬೇರೆ ಎರರ್. ಎಲ್ಲಿಂದ ಶುರು ಮಾಡಲಿ?

ಓರೆಪುಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಮ್ಮ ಅಜ್ಜಿ ಬರೆದಿಟ್ಟ ಏಳು ನೋಟ್‌ಬುಕ್‌ಗಳಿವೆ. ಹಾಡು, ಮನೆ ಲೆಕ್ಕ, ಯಾರು ಯಾವತ್ತು ಹುಟ್ಟಿದರು, ಯಾರಿಗೆ ಏನು ಕಾಯಿಲೆ ಬಂದಿತ್ತು, ಎಲ್ಲ ಒಟ್ಟಿಗೆ. ಕಾಗದ ಹಳದಿಯಾಗಿದೆ, ಮಡಚಿದ ಕಡೆಯೆಲ್ಲ ಬಿಟ್ಟುಕೊಳ್ಳುತ್ತಿದೆ. ಇನ್ನು ತಡ ಮಾಡಬಾರದು ಅನ್ನಿಸಿ ಎಲ್ಲ ಪುಟಗಳನ್ನೂ ಫೋನ್‌ನಲ್ಲಿ ಫೋಟೊ ತೆಗೆದೆ. ಸುಮಾರು 900 ಆದವು. ಕೈಯಲ್ಲಿ ಹಿಡಿದು ತೆಗೆದದ್ದು, ಹಾಗಾಗಿ ಒಂದೊಂದು ಪುಟವೂ ಒಂದೊಂದು ಕಡೆಗೆ ಓರೆ.

ಪುಟದ ನಾಲ್ಕು ಮೂಲೆ ಹುಡುಕಿ, ನೇರ ಮಾಡಿ, ನೆರಳು ತೆಗೆಯುವ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ಬ್ರೌಸರ್‌ನಲ್ಲೇ ಓಡುವ ಪೈಥಾನ್ ನೋಟ್‌ಬುಕ್‌ನಲ್ಲಿ ಹತ್ತು ಪುಟಕ್ಕೆ ಪರೀಕ್ಷೆ ಮಾಡಿದೆ, ಚೆನ್ನಾಗಿ ಬಂತು. ಈಗ ಮನೆಯ ಕಂಪ್ಯೂಟರ್‌ಗಳಲ್ಲಿ ಓಡಿಸಬೇಕು. ಅದಕ್ಕೆ ಬೇಕಾದ ಓಪನ್‌ಸಿವಿ (ಚಿತ್ರಗಳ ಮೇಲೆ ಕೆಲಸ ಮಾಡುವ ಲೈಬ್ರರಿ) ಹಾಕುವುದರಲ್ಲೇ ಸೋತಿದ್ದೇನೆ.

ನನ್ನ ಲ್ಯಾಪ್‌ಟಾಪ್ ವಿಂಡೋಸ್ 11. ಮೊದಲು ಪಿಪ್‌ಗೆ (ಪೈಥಾನ್ ಪ್ಯಾಕೇಜ್ ಇಳಿಸಿ ಹಾಕುವ ಸಲಕರಣೆ) «ಪಿಪ್ ಇನ್‌ಸ್ಟಾಲ್ ಸಿವಿ2» ಕೊಟ್ಟೆ. ಅಂಥದ್ದು ಸಿಗಲಿಲ್ಲ ಎಂದಿತು. ಆಮೇಲೆ «ಓಪನ್‌ಸಿವಿ-ಪೈಥಾನ್» ಎಂದು ಕೊಟ್ಟರೆ ಸಲೀಸಾಗಿ ಇಳಿಯಿತು. ಆದರೆ ಪ್ರೋಗ್ರಾಂ ಓಡಿಸಿದರೆ ಸಿವಿ2 ಎಂಬ ಮಾಡ್ಯೂಲ್ ಇಲ್ಲ ಎನ್ನುತ್ತದೆ. ನಾಲ್ಕು ಸಲ ತೆಗೆದು ಹಾಕಿದ್ದಾಯಿತು.

ಹಳೆಯ ಡೆಸ್ಕ್‌ಟಾಪ್‌ನಲ್ಲಿ ಉಬುಂಟು 24.04 ಇದೆ. ಅಲ್ಲಿ ಪಿಪ್ ಶುರುವಾಗುವುದೇ ಇಲ್ಲ. «ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್» ಎಂದು ಉದ್ದಕ್ಕೆ ಏನೋ ಹೇಳಿ ನಿಲ್ಲುತ್ತದೆ.

ತಂಗಿಯದು ಎಂ1 ಮ್ಯಾಕ್. ಅಲ್ಲಿ ಪಿಪ್ «ಆಗಲೇ ಇದೆ» ಎನ್ನುತ್ತದೆ. ಇಂಪೋರ್ಟ್ ಮಾಡಿದರೆ ಎಕ್ಸ್86_64 ಇದೆ, ಆರ್ಮ್64 ಬೇಕು ಎಂಬ ಎರರ್.

ಒಂದೇ ಪ್ಯಾಕೇಜ್ ಮೂರು ಕಡೆ ಮೂರು ಥರ ಯಾಕೆ? ಯಾವುದರಿಂದ ಶುರು ಮಾಡಲಿ?


ಹಳೇಟರ್ಮಿನಲ್

ನಮಸ್ಕಾರ. ಅಜ್ಜಿಯ ಕೈಬರಹ ಅಂದ ಕೂಡಲೇ ಉತ್ತರ ಬರೆಯಲು ಕೂತೆ. ಎಲ್ಲಕ್ಕಿಂತ ಮೊದಲು ಒಂದು ಮಾತು: ಆ 900 ಫೋಟೊಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇಡಿ. ನಿಮ್ಮ ಪ್ರೋಗ್ರಾಂ ಫಲಿತಾಂಶವನ್ನು ಬೇರೆ ಫೋಲ್ಡರ್‌ಗೆ ಬರೆಯಲಿ, ಮೂಲದ ಮೇಲೆ ಬೇಡ.

ಈಗ ವಿಷಯಕ್ಕೆ ಬರೋಣ. ನಿಮ್ಮ ಮೂರು ಎರರ್‌ಗಳಲ್ಲಿ ಒಂದೂ ಓಪನ್‌ಸಿವಿಯ ತಪ್ಪಲ್ಲ. ಮೂರೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಪ್ಯಾಕೇಜ್ ಹೋಗಿ ಕೂತದ್ದು ಯಾವ ಪೈಥಾನ್‌ನಲ್ಲಿ, ನಿಮ್ಮ ಪ್ರೋಗ್ರಾಂ ಓಡುತ್ತಿರುವುದು ಯಾವ ಪೈಥಾನ್‌ನಲ್ಲಿ?

(ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿ.)

ವಿಂಡೋಸ್‌ನಲ್ಲಿ ಒಂದಕ್ಕಿಂತ ಜಾಸ್ತಿ ಪೈಥಾನ್ ಇರುವುದು ಮಾಮೂಲು. ಯಾವತ್ತೋ ಒಂದು ಹಾಕಿರುತ್ತೇವೆ, ಆಮೇಲೆ ಹೊಸದು ಹಾಕಿದಾಗ ಹಳೆಯದು ಹಾಗೇ ಉಳಿಯುತ್ತದೆ. ಪಿಪ್ ಒಂದರದು, ಎಡಿಟರ್ ಓಡಿಸುವುದು ಇನ್ನೊಂದನ್ನು. ಟರ್ಮಿನಲ್‌ನಲ್ಲಿ «ಪಿವೈ -0ಪಿ» ಕೊಡಿ. ಇರುವ ಪೈಥಾನ್‌ಗಳೆಲ್ಲ ತಮ್ಮ ಜಾಗದ ಸಮೇತ ಸಾಲಾಗಿ ಬರುತ್ತವೆ. ಆಮೇಲೆ ನಿಮ್ಮ ಪ್ರೋಗ್ರಾಂನ ಮೊದಲ ಸಾಲಲ್ಲಿ «ಸಿಸ್.ಎಕ್ಸಿಕ್ಯೂಟಬಲ್» ಪ್ರಿಂಟ್ ಮಾಡಿ. «ಪಿಪ್ --ವರ್ಷನ್» ತೋರಿಸುವ ಜಾಗವೂ ಇದೂ ಒಂದೇ ಪೈಥಾನ್‌ನ ಫೋಲ್ಡರ್ ಒಳಗಿವೆಯಾ ನೋಡಿ. ಬೇರೆ ಬೇರೆ ಇದ್ದರೆ ನಿಮ್ಮ ತೊಂದರೆ ಅಲ್ಲೇ ಇದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಮೊದಲ ಸಲ ಓಪನ್‌ಸಿವಿ ಹಾಕಿದಾಗ ಎರಡು ರಾತ್ರಿ ಇದೇ ಎರರ್ ನೋಡುತ್ತಾ ಕೂತಿದ್ದೆ. ಸಿಕ್ಕ ಸಿಕ್ಕ ಉತ್ತರವನ್ನೆಲ್ಲ ಓದಿ ಒಂದರ ಮೇಲೊಂದು ಪ್ಯಾಕೇಜ್ ಹಾಕಿದೆ. ಅಷ್ಟೂ ಹೋಗಿ ಬಿದ್ದದ್ದು ನಾನು ಬಳಸದೇ ಇದ್ದ ಪೈಥಾನ್‌ನಲ್ಲಿ.

ಅಂದಹಾಗೆ, ಹೆಸರಿನ ಗೊಂದಲ ನಿಮ್ಮೊಬ್ಬರದಲ್ಲ. ಹಾಕುವಾಗ ಓಪನ್‌ಸಿವಿ-ಪೈಥಾನ್, ಕರೆಯುವಾಗ ಸಿವಿ2. ಓಪನ್‌ಸಿವಿ ಇಂಟೆಲ್‌ನಲ್ಲಿ 1999ರಲ್ಲಿ ಶುರುವಾದ ಕೆಲಸ. ಮೊದಲು ಅದರ ಪೈಥಾನ್ ಮಾಡ್ಯೂಲ್ ಹೆಸರು ಬರೀ ಸಿವಿ ಎಂದಿತ್ತು. 2ನೇ ಆವೃತ್ತಿಯ ಕಾಲದಲ್ಲಿ ಹೊಸ ಮಾಡ್ಯೂಲ್ ಬಂದಾಗ ಸಿವಿ2 ಎಂದು ಕರೆದರು. ಅದಾದ ಮೇಲೆ 3 ಬಂತು, 2018ರಲ್ಲಿ 4 ಬಂತು, ಹೆಸರು ಮಾತ್ರ ಸಿವಿ2 ಆಗಿಯೇ ಉಳಿಯಿತು.

ಪರಿಹಾರ ಮೂರಕ್ಕೂ ಒಂದೇ. ಪ್ರಾಜೆಕ್ಟ್ ಫೋಲ್ಡರ್ ಒಳಗೇ ಅದರದೇ ಆದ ಪೈಥಾನ್ ಮಾಡಿಕೊಳ್ಳಿ: «ಪೈಥಾನ್ -ಎಂ ವೆನ್ವ್ .ವೆನ್ವ್». ಉಬುಂಟು, ಮ್ಯಾಕ್‌ನಲ್ಲಿ ಪೈಥಾನ್3 ಎಂದು ಕೊಡಿ. ಇದರಿಂದ .ವೆನ್ವ್ ಎಂಬ ಒಂದು ಫೋಲ್ಡರ್ ಹುಟ್ಟುತ್ತದೆ. ಎಲ್ಲರೂ ಇದನ್ನು ಆ್ಯಕ್ಟಿವೇಟ್ ಮಾಡಿ ಎನ್ನುತ್ತಾರೆ. ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ. ವಿಂಡೋಸ್ ಪವರ್‌ಶೆಲ್‌ನಲ್ಲಿ ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ ಎಂಬ ಇನ್ನೊಂದು ಎರರ್ ಎದುರಾಗಬಹುದು, ಮತ್ತೆ ಅದರ ಹಿಂದೆ ಹೋಗಬೇಕು. ಬದಲಿಗೆ ಆ ಪೈಥಾನ್ ಅನ್ನು ನೇರವಾಗಿ ಹೆಸರು ಹಿಡಿದು ಕರೆಯಿರಿ. ವಿಂಡೋಸ್‌ನಲ್ಲಿ ಅದು .ವೆನ್ವ್ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರುತ್ತದೆ, ಉಬುಂಟು ಮತ್ತು ಮ್ಯಾಕ್‌ನಲ್ಲಿ ಬಿನ್ ಫೋಲ್ಡರ್‌ನಲ್ಲಿ. ಅದೇ ಪೈಥಾನ್‌ಗೆ «-ಎಂ ಪಿಪ್ ಇನ್‌ಸ್ಟಾಲ್ ಓಪನ್‌ಸಿವಿ-ಪೈಥಾನ್» ಕೊಡಿ, ಅದರಿಂದಲೇ ಪ್ರೋಗ್ರಾಂ ಓಡಿಸಿ. ಹಾಕಿದವನೂ ಓಡಿಸುವವನೂ ಒಬ್ಬನೇ ಆದ, ತಪ್ಪಲು ಜಾಗವೇ ಇಲ್ಲ.

ಉಬುಂಟು ಬೇಕೆಂದೇ ನಿಮ್ಮನ್ನು ತಡೆಯುತ್ತಿದೆ. ಅಲ್ಲಿನ ಪೈಥಾನ್ ನಿಮ್ಮದಲ್ಲ, ಸಿಸ್ಟಮ್‌ನದು. ಸಿಸ್ಟಮ್‌ನ ಎಷ್ಟೋ ಸಲಕರಣೆಗಳು ಅದರ ಮೇಲೇ ನಿಂತಿವೆ. ಎಪಿಟಿ (ಉಬುಂಟುವಿನದೇ ಪ್ಯಾಕೇಜ್ ಹಾಕುವ ಸಲಕರಣೆ) ನೋಡಿಕೊಳ್ಳುವ ಜಾಗಕ್ಕೆ ಪಿಪ್ ಕೈ ಹಾಕಬಾರದು ಎಂದು ಪೈಥಾನ್‌ನವರು ಪೆಪ್ 668 ಎಂಬ ದಾಖಲೆಯಲ್ಲಿ ಒಂದು ನಿಯಮ ಮಾಡಿದರು. ಉಬುಂಟು 23.04ರಿಂದ ಅದು ಜಾರಿಯಲ್ಲಿದೆ, ಡೆಬಿಯನ್ 12ರಲ್ಲೂ ಇದೆ. ಎರರ್‌ನ ಕೊನೆಯಲ್ಲಿ «ಬ್ರೇಕ್ ಸಿಸ್ಟಮ್ ಪ್ಯಾಕೇಜಸ್» ಎಂಬ ಆಯ್ಕೆ ಕಾಣುತ್ತದೆ. ದಯವಿಟ್ಟು ಅದನ್ನು ಕೊಡಬೇಡಿ. ಈ ನಿಯಮ ಇಲ್ಲದ ಕಾಲದಲ್ಲಿ ನಾನು ಸುಡೊ ಹಾಕಿ (ಅಂದರೆ ಅಡ್ಮಿನ್ ಅಧಿಕಾರದಲ್ಲಿ) ಪಿಪ್ ಓಡಿಸಿ, ಸಿಸ್ಟಮ್‌ನ ಸಲಕರಣೆಗಳು ತೆರೆಯದ ಹಾಗೆ ಮಾಡಿಕೊಂಡಿದ್ದೆ. ಮತ್ತೆ ಉಬುಂಟುವನ್ನೇ ಹೊಸದಾಗಿ ಹಾಕಬೇಕಾಯಿತು. ಮೇಲೆ ಹೇಳಿದ ವೆನ್ವ್ ದಾರಿಯೇ ಇಲ್ಲಿ ಸರಿ. ವೆನ್ವ್ ಮಾಡುವಾಗ ಎನ್ಶೂರ್‌ಪಿಪ್ ಇಲ್ಲ ಎಂದರೆ, ಎಪಿಟಿಯಿಂದ «ಪೈಥಾನ್3-ವೆನ್ವ್» ಹಾಕಿಕೊಂಡು ಮತ್ತೆ ಪ್ರಯತ್ನಿಸಿ. ಎಪಿಟಿಯಲ್ಲೇ «ಪೈಥಾನ್3-ಓಪನ್‌ಸಿವಿ» ಕೂಡ ಸಿಗುತ್ತದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ 24.04ರಲ್ಲಿ ಅದು 4.6, ಸ್ವಲ್ಪ ಹಳೆಯದು. ಮೂರೂ ಕಂಪ್ಯೂಟರ್‌ನಲ್ಲಿ ಒಂದೇ ಆವೃತ್ತಿ ಇರಬೇಕು ಎಂದರೆ ಪಿಪ್ ಒಳ್ಳೆಯದು.

ಮ್ಯಾಕ್ ವಿಷಯ. ನಿಮ್ಮ ತಂಗಿ ಹಳೆಯ ಇಂಟೆಲ್ ಮ್ಯಾಕ್‌ನಿಂದ ಎಲ್ಲವನ್ನೂ ಹೊಸದಕ್ಕೆ ವರ್ಗಾಯಿಸಿಕೊಂಡರಾ? ಹಾಗೆ ಮಾಡಿದರೆ ಇಂಟೆಲ್‌ಗೆಂದು ಕಟ್ಟಿದ ಪ್ಯಾಕೇಜ್‌ಗಳೂ ಜೊತೆಗೆ ಬರುತ್ತವೆ. ಪಿಪ್ ಹೆಸರು ಮತ್ತು ಆವೃತ್ತಿ ನೋಡಿ «ಇದೆ» ಎನ್ನುತ್ತದೆ, ಒಳಗಿನ ಫೈಲ್ ಯಾವ ಪ್ರೊಸೆಸರ್‌ಗೆ ಎಂದು ತೆರೆದು ನೋಡುವುದಿಲ್ಲ. ಹೊಸ ವೆನ್ವ್ ಮಾಡಿ ಹೊಸದಾಗಿ ಇಳಿಸಿದರೆ ಮುಗಿಯಿತು. ಅದಕ್ಕೆ ಮೊದಲು «ಪ್ಲಾಟ್‌ಫಾರ್ಮ್.ಮಷಿನ್()» ಪ್ರಿಂಟ್ ಮಾಡಿ. ಆರ್ಮ್64 (ಎಂ1ರ ಪ್ರೊಸೆಸರ್ ಬಗೆ) ಬಂದರೆ ಸರಿ. ಎಕ್ಸ್86_64 (ಇಂಟೆಲ್ ಬಗೆ) ಬಂದರೆ ಆ ಟರ್ಮಿನಲ್ ಅಥವಾ ಆ ಪೈಥಾನ್ ರೊಸೆಟ್ಟಾ (ಇಂಟೆಲ್ ಪ್ರೋಗ್ರಾಂಗಳನ್ನು ಹೊಸ ಮ್ಯಾಕ್‌ನಲ್ಲಿ ಓಡಿಸುವ ಅನುವಾದಕ) ಮೂಲಕ ಓಡುತ್ತಿದೆ ಎಂದರ್ಥ, ಮೊದಲು ಅದನ್ನು ಸರಿ ಮಾಡಬೇಕು.

ಎಲ್ಲ ಮುಗಿದ ಮೇಲೆ ಮೂರೂ ಕಡೆ ಎರಡು ಸಾಲು ಓಡಿಸಿ: «ಸಿವಿ2.__ವರ್ಷನ್__» ಮತ್ತು «ಸಿವಿ2.__ಫೈಲ್__». ಎರಡನೆಯದು .ವೆನ್ವ್ ಒಳಗಿನ ಜಾಗ ತೋರಿಸಬೇಕು. ನಿಮ್ಮ ಪ್ರಾಜೆಕ್ಟ್ ಫೋಲ್ಡರನ್ನೇ ತೋರಿಸಿದರೆ, ಅಲ್ಲಿ ಸಿವಿ2.ಪಿವೈ ಎಂಬ ಹೆಸರಿನ ಫೈಲ್ ಇದೆಯಾ ನೋಡಿ. ಇದ್ದರೆ ಪೈಥಾನ್ ಅದನ್ನೇ ಓಪನ್‌ಸಿವಿ ಅಂದುಕೊಳ್ಳುತ್ತದೆ.


ಮೇಕ್‌ಫೈಲ್

ಇಷ್ಟೆಲ್ಲ ಯಾಕೆ? ಓಪನ್‌ಸಿವಿಯ ಸೋರ್ಸ್ ಕೋಡ್ ಇಳಿಸಿ ಸಿಮೇಕ್ ಎಂಬ ಸಲಕರಣೆಯಿಂದ ನೀವೇ ಕಟ್ಟಿಕೊಳ್ಳಿ. ನಿಮ್ಮ ಪ್ರೊಸೆಸರ್‌ಗೆ ತಕ್ಕ ಹಾಗೆ ಇರುತ್ತದೆ, ಏನು ಒಳಗಿದೆ ಏನಿಲ್ಲ ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ನಾನು ಯಾವಾಗಲೂ ಹಾಗೇ ಮಾಡುವುದು.


ಹಳೇಟರ್ಮಿನಲ್

ಮೇಕ್‌ಫೈಲ್ ಅವರೇ, ಕಟ್ಟುವುದು ಬೇಕಾದ ಸಂದರ್ಭ ಇದೆ. ಪಿಪ್‌ನಲ್ಲಿ ಬರುವುದರಲ್ಲಿ ಕ್ಯೂಡಾ (ಗ್ರಾಫಿಕ್ಸ್ ಕಾರ್ಡ್ ಮೇಲೆ ಲೆಕ್ಕ ಮಾಡಿಸುವ ಎನ್‌ವಿಡಿಯಾದ ವ್ಯವಸ್ಥೆ) ಇರುವುದಿಲ್ಲ. ಎನ್‌ವಿಡಿಯಾ ಕಾರ್ಡ್ ಮೇಲೆ ಓಪನ್‌ಸಿವಿಯ ಕೆಲಸ ಓಡಿಸಬೇಕು ಎಂದರೆ ಕಟ್ಟಲೇಬೇಕು. ಆದರೆ ಇವರಿಗೆ ಬೇಕಾಗಿರುವುದು ಅಂಚು ಹುಡುಕುವುದು, ಪುಟ ನೇರ ಮಾಡುವುದು, ಕಪ್ಪು ಬಿಳುಪು ಬೇರ್ಪಡಿಸುವುದು. ಅದೆಲ್ಲ ಮಾಮೂಲಿ ಪ್ಯಾಕೇಜ್‌ನಲ್ಲೇ ಇದೆ. ಮೂರು ಸಿಸ್ಟಮ್‌ನಲ್ಲಿ ಮೂರು ಕಂಪೈಲರ್ ಹೊಂದಿಸುವುದು ಹೊಸಬರಿಗೆ ವಾರಗಟ್ಟಲೆ ಕೆಲಸ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮೆಮೊರಿ ಕಡಿಮೆ ಇದ್ದು «ಮೇಕ್ -ಜೆ8» (ಎಂಟು ಕೆಲಸ ಒಟ್ಟಿಗೆ) ಕೊಟ್ಟರೆ, ಮೆಮೊರಿ ಸಾಲದೆ ಕಂಪೈಲರ್ ಅರ್ಧದಲ್ಲೇ ಸಾಯುತ್ತದೆ. ಇವರ ಹತ್ತಿರ ಹರಿಯುತ್ತಿರುವ ಪುಟಗಳಿವೆ. ಅವರ ಸಮಯ ಅದಕ್ಕೆ ಹೋಗಲಿ ಎನ್ನುವುದು ನನ್ನ ಅಭಿಪ್ರಾಯ.


ರಾತ್ರಿಪಾಳಿ

ಇನ್ನೊಂದು ಸೇರಿಸುತ್ತೇನೆ. ಪಿಪ್‌ನಲ್ಲಿ ಓಪನ್‌ಸಿವಿಯ ನಾಲ್ಕು ಪ್ಯಾಕೇಜ್‌ಗಳಿವೆ: ಮಾಮೂಲಿ, ಕಾಂಟ್ರಿಬ್ (ಹೆಚ್ಚುವರಿ ಮಾಡ್ಯೂಲ್‌ಗಳ ಸಮೇತ), ಮತ್ತೆ ಈ ಎರಡರ ಹೆಡ್‌ಲೆಸ್ ರೂಪಗಳು. ನಾಲ್ಕೂ ಸಿವಿ2 ಎಂಬ ಒಂದೇ ಜಾಗಕ್ಕೆ ಬಂದು ಕೂರುತ್ತವೆ. ಹಾಗಾಗಿ ಒಂದು ವೆನ್ವ್‌ನಲ್ಲಿ ಒಂದೇ ಇರಬೇಕು. ಎರಡು ಹಾಕಿ, ಆಮೇಲೆ ಒಂದನ್ನು ತೆಗೆದರೆ ಉಳಿದದ್ದರ ಫೈಲ್‌ಗಳೂ ಹೋಗಿ ಅರ್ಧಂಬರ್ಧ ಆಗುತ್ತದೆ. ಅಂಥ ಸ್ಥಿತಿ ಬಂದರೆ ಎಲ್ಲವನ್ನೂ ತೆಗೆದು ಒಂದನ್ನು ಮಾತ್ರ ಹಾಕಿ.

ಹೆಡ್‌ಲೆಸ್ ಎಂದರೆ ಪರದೆಯ ಮೇಲೆ ಕಿಟಕಿ ತೆರೆಯುವ ಭಾಗ ಇಲ್ಲದ್ದು. ಸರ್ವರ್, ಡಾಕರ್ ಕಂಟೇನರ್‌ಗಳಲ್ಲಿ ಮಾಮೂಲಿ ಪ್ಯಾಕೇಜ್ ಹಾಕಿದರೆ «ಲಿಬ್‌ಜಿಎಲ್.ಎಸ್‌ಒ.1 ಸಿಗಲಿಲ್ಲ» ಎಂದು ಬೀಳುತ್ತದೆ. ಅದು ಗ್ರಾಫಿಕ್ಸ್ ಲೈಬ್ರರಿ, ಪರದೆಯೇ ಇಲ್ಲದ ಕಡೆ ಯಾರೂ ಹಾಕಿರುವುದಿಲ್ಲ. ಎಪಿಟಿಯಿಂದ «ಲಿಬ್‌ಜಿಎಲ್1» ಹಾಕಬಹುದು. ಆದರೆ ಕಿಟಕಿಯೇ ಬೇಡದ ಕೆಲಸಕ್ಕೆ ಹೆಡ್‌ಲೆಸ್ ಹಾಕುವುದೇ ಸರಿ. ಅದರಲ್ಲಿ ಚಿತ್ರವನ್ನು ಕಿಟಕಿಯಲ್ಲಿ ತೋರಿಸುವ «ಇಮ್‌ಶೋ» ಥರದವು ಮಾತ್ರ ನಡೆಯುವುದಿಲ್ಲ.


ಓರೆಪುಟ

ಎಲ್ಲರಿಗೂ ತುಂಬಾ ಧನ್ಯವಾದ. ಮೂರೂ ಕಡೆ ಇಂಪೋರ್ಟ್ ಆಗುತ್ತಿದೆ!

ಹಳೇಟರ್ಮಿನಲ್ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ವಿಂಡೋಸ್‌ನಲ್ಲಿ 3.9 ಮತ್ತು 3.12 ಎರಡೂ ಇದ್ದವು. ಪಿಪ್ 3.9ರದು, ಎಡಿಟರ್ ಓಡಿಸುತ್ತಿದ್ದದ್ದು 3.12. ತಂಗಿಯನ್ನು ಕೇಳಿದೆ, ಹೌದು, ಹಳೆಯ ಮ್ಯಾಕ್‌ನಿಂದ ಎಲ್ಲವನ್ನೂ ಎತ್ತಿಕೊಂಡು ಬಂದಿದ್ದಳು.

ಆದರೆ ಈಗ ಹೊಸದೊಂದು. ಅದೇ ಪ್ರೋಗ್ರಾಂ, ಅದೇ ಫೋಟೊಗಳು. ಉಬುಂಟುನಲ್ಲಿ ಓಡುತ್ತದೆ, ಮ್ಯಾಕ್‌ನಲ್ಲಿ ಓಡುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಬಣ್ಣ ಬದಲಿಸುವ «ಸಿವಿಟಿಕಲರ್» ಸಾಲಿನಲ್ಲಿ -215 ಅಸರ್ಷನ್ ಫೇಲ್ಡ್, ಎಂಪ್ಟಿ ಎಂದೇನೋ ಬರುತ್ತದೆ. ಫೋಟೊ ಓದುವ «ಇಮ್‌ರೀಡ್» ಕೊಟ್ಟದ್ದನ್ನು ಪ್ರಿಂಟ್ ಮಾಡಿದರೆ «ನನ್», ಅಂದರೆ ಏನೂ ಇಲ್ಲ. ಫೈಲ್ ಅಲ್ಲೇ ಇದೆ, ಕ್ಲಿಕ್ ಮಾಡಿದರೆ ತೆರೆಯುತ್ತದೆ. ಇನ್‌ಸ್ಟಾಲ್ ಇನ್ನೂ ಸರಿಯಾಗಿಲ್ಲವಾ? ಫೋಲ್ಡರ್ ಹೆಸರು «ಅಜ್ಜಿ ಪುಸ್ತಕ 2».


ಹಳೇಟರ್ಮಿನಲ್

ಇನ್‌ಸ್ಟಾಲ್ ಸರಿಯಾಗಿದೆ. ಫೋಲ್ಡರ್ ಹೆಸರು ಬರೆದದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ.

ಇದು ಕನ್ನಡದಲ್ಲಿ ಹೆಸರಿಡುವ ನಮ್ಮಂಥವರಿಗೆ ಖಂಡಿತ ತಿಳಿದಿರಬೇಕಾದ ವಿಷಯ, ಹಾಗಾಗಿ ಬಿಡಿಸಿ ಹೇಳುತ್ತೇನೆ. «ಅಜ್ಜಿ» ನಮಗೆ ಎರಡಕ್ಷರ. ಯೂನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಅದು ಐದು: ಅ, ಜ, ಅರ್ಧಾಕ್ಷರದ ಗುರುತು, ಇನ್ನೊಂದು ಜ, ಗುಡಿಸು. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15 ಬೈಟ್. ಪೈಥಾನ್ ಆ ಹೆಸರನ್ನು ಓಪನ್‌ಸಿವಿಗೆ ಈ ಬೈಟ್‌ಗಳಾಗಿ ಕೊಡುತ್ತದೆ. ಓಪನ್‌ಸಿವಿಯ ಒಳಗಿರುವುದು ಸಿ++. ಅದು ಬೈಟ್‌ಗಳನ್ನು ಹಾಗೇ ಆಪರೇಟಿಂಗ್ ಸಿಸ್ಟಮ್‌ಗೆ ದಾಟಿಸಿ ಫೈಲ್ ತೆರೆ ಎನ್ನುತ್ತದೆ. ಲಿನಕ್ಸ್, ಮ್ಯಾಕ್ ಅದನ್ನು ಯುಟಿಎಫ್-8 ಎಂದೇ ತೆಗೆದುಕೊಳ್ಳುತ್ತವೆ, ಫೈಲ್ ಸಿಗುತ್ತದೆ. ವಿಂಡೋಸ್ ಆ ಹಳೆಯ ದಾರಿಯಲ್ಲಿ ಬಂದ ಬೈಟ್‌ಗಳನ್ನು ತನ್ನ ಕೋಡ್ ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಎಂಬ ಹಳೆಯ ಪಟ್ಟಿ) ಪ್ರಕಾರ ಓದುತ್ತದೆ. ಸಾಮಾನ್ಯವಾಗಿ ಅದರಲ್ಲಿ ಒಂದು ಬೈಟ್‌ಗೆ ಒಂದು ಅಕ್ಷರ. ಆಗ «ಅಜ್ಜಿ» ಹದಿನೈದು ಅಕ್ಷರದ ಇನ್ಯಾವುದೋ ಹೆಸರಾಗುತ್ತದೆ. ಅಂಥ ಫೋಲ್ಡರ್ ನಿಮ್ಮಲ್ಲಿ ಇಲ್ಲ. ಇಮ್‌ರೀಡ್ ಎರರ್ ಎಸೆಯದೆ ಸುಮ್ನೆ ನನ್ ಕೊಡುತ್ತದೆ. ನಿಮ್ಮ ಪ್ರೋಗ್ರಾಂ ಮುಂದಿನ ಸಾಲಲ್ಲಿ ಬೀಳುತ್ತದೆ.

ಫೋಲ್ಡರ್ ಹೆಸರನ್ನು ಇಂಗ್ಲಿಷ್‌ಗೆ ಬದಲಾಯಿಸಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ನನಗೆ ಅದು ಇಷ್ಟವಿಲ್ಲ. ನಮ್ಮ ಫೈಲ್‌ಗೆ ನಮ್ಮ ಭಾಷೆಯಲ್ಲಿ ಹೆಸರಿಡಲು ಆಗಬೇಕು, ಆಗುತ್ತದೆ ಕೂಡ. ಫೈಲ್ ಓದುವ ಕೆಲಸವನ್ನು ಓಪನ್‌ಸಿವಿಗೆ ಬಿಡದೆ ಪೈಥಾನ್ ಕಡೆಯಿಂದ ಮಾಡಿಸಿ, ಅದಕ್ಕೆ ವಿಂಡೋಸ್‌ನ ಯೂನಿಕೋಡ್ ದಾರಿ ಗೊತ್ತು:

«ಬೈಟುಗಳು = ಎನ್‌ಪಿ.ಫ್ರಮ್‌ಫೈಲ್(ದಾರಿ, ಎನ್‌ಪಿ.ಯುಇಂಟ್8)»
«ಚಿತ್ರ = ಸಿವಿ2.ಇಮ್‌ಡಿಕೋಡ್(ಬೈಟುಗಳು, ಸಿವಿ2.ಇಮ್‌ರೀಡ್_ಕಲರ್)»

(ಇಲ್ಲಿ ಇಮ್‌ರೀಡ್_ಕಲರ್ ಮಾತ್ರ ದೊಡ್ಡಕ್ಷರದಲ್ಲಿ. ಎನ್‌ಪಿ ಎಂದರೆ ನಂಪೈ, ಸಂಖ್ಯೆಗಳ ಸಾಲು ನೋಡಿಕೊಳ್ಳುವ ಪೈಥಾನ್ ಪ್ಯಾಕೇಜ್.) ಉಳಿಸುವಾಗಲೂ ಇದೇ ತೊಂದರೆ ಬರುತ್ತದೆ. ಚಿತ್ರ ಉಳಿಸುವ ಇಮ್‌ರೈಟ್ ಫೋಲ್ಡರ್ ಸಿಗದೆ ಫಾಲ್ಸ್ (ಆಗಲಿಲ್ಲ) ಎಂದು ಹಿಂದಿರುಗುತ್ತದೆ. ಯಾರೂ ಆ ಉತ್ತರ ನೋಡುವುದಿಲ್ಲ, 900 ಪುಟ ಓಡಿ ಮುಗಿದ ಮೇಲೆ ಫೋಲ್ಡರ್ ಖಾಲಿ. ಅಲ್ಲಿ ಇಮ್‌ಎನ್‌ಕೋಡ್ ಬಳಸಿ. ಅದು ಎರಡು ಉತ್ತರ ಕೊಡುತ್ತದೆ: ಆಯಿತೋ ಇಲ್ಲವೋ, ಮತ್ತೆ ಬೈಟ್‌ಗಳ ಸಾಲು. ಆ ಸಾಲಿನ ಮೇಲೆ «.ಟುಫೈಲ್(ದಾರಿ)» ಕೊಟ್ಟರೆ ಕನ್ನಡ ಹೆಸರಿನ ಫೋಲ್ಡರ್‌ಗೇ ಹೋಗುತ್ತದೆ. ಈ ಸಾಲುಗಳು ಉಬುಂಟು, ಮ್ಯಾಕ್‌ನಲ್ಲೂ ಹಾಗೇ ಓಡುತ್ತವೆ, ಬೇರೆ ಬೇರೆ ಬರೆಯಬೇಕಿಲ್ಲ.

ವಿಂಡೋಸ್‌ನಲ್ಲಿ ಇಡೀ ಸಿಸ್ಟಮ್‌ಗೆ ಯುಟಿಎಫ್-8 ಬಳಸುವ ಒಂದು ಬೀಟಾ ಆಯ್ಕೆಯೂ ಇದೆ. ಅದನ್ನು ಒತ್ತಿದರೆ ಎಲ್ಲ ಪ್ರೋಗ್ರಾಂಗಳಿಗೂ ತಾಗುತ್ತದೆ, ಕೆಲವು ಹಳೆಯವು ಕೆಡಬಹುದು. ಎರಡು ಸಾಲಿನ ಕೆಲಸಕ್ಕೆ ಅಷ್ಟು ದೂರ ಹೋಗಬೇಡಿ.


ರಾತ್ರಿಪಾಳಿ

ನನ್ ಬರಲು ಇನ್ನೊಂದು ಕಾರಣವೂ ಇದೆ, ನೋಡಿಕೊಳ್ಳಿ. ಐಫೋನ್‌ನಲ್ಲಿ ತೆಗೆದ ಫೋಟೊ ಎಚ್‌ಇಐಸಿ ರೂಪದಲ್ಲಿದ್ದರೆ ಪಿಪ್‌ನ ಓಪನ್‌ಸಿವಿ ಅದನ್ನು ಓದುವುದಿಲ್ಲ. ಮೊದಲೇ ಜೆಪೆಗ್ ಮಾಡಿಕೊಳ್ಳಬೇಕು.

900 ಪುಟ ಎಂದರೆ ಉಬುಂಟು ಯಂತ್ರದಲ್ಲಿ ರಾತ್ರಿ ಓಡಲು ಬಿಡುತ್ತೀರಿ ಅಂದುಕೊಂಡಿದ್ದೇನೆ. ಇನ್ನೊಂದು ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ ಓಡಿಸುವುದಾದರೆ ಇಮ್‌ಶೋ ಇರುವ ಸಾಲುಗಳನ್ನು ತೆಗೆದುಬಿಡಿ. ಪರದೆ ಸಿಗದೆ ಮೊದಲ ಪುಟದಲ್ಲೇ ನಿಲ್ಲುತ್ತದೆ. ಮತ್ತೆ, ಈಗ ಕೆಲಸ ಮಾಡುತ್ತಿರುವ ಆವೃತ್ತಿಗಳನ್ನು «ಪಿಪ್ ಫ್ರೀಜ್» ಕೊಟ್ಟು ಒಂದು ಫೈಲ್‌ನಲ್ಲಿ ಬರೆದಿಡಿ, ಮೂರೂ ಕಡೆ ಅದರಿಂದಲೇ ಹಾಕಿ. 2024ರಲ್ಲಿ ನಂಪೈ 2 ಬಂದಾಗ, ನಂಪೈ 1ಕ್ಕೆಂದು ಕಟ್ಟಿದ್ದ ಎಷ್ಟೋ ಪ್ಯಾಕೇಜ್‌ಗಳು ಒಂದೇ ದಿನ ಬಿದ್ದವು. ಆವೃತ್ತಿ ಬರೆದಿಟ್ಟವರ ಕೆಲಸ ಮಾತ್ರ ನಡೆಯುತ್ತಿತ್ತು.


ಓರೆಪುಟ

ಆಯಿತು. ಇಮ್‌ಡಿಕೋಡ್ ಹಾಕಿದ ಮೇಲೆ ವಿಂಡೋಸ್‌ನಲ್ಲೂ ಓಡಿತು. ಫೋಲ್ಡರ್‌ಗಳ ಹೆಸರು ಹಾಗೇ ಇವೆ, «ಅಜ್ಜಿ ಪುಸ್ತಕ 1»ರಿಂದ 7ರ ತನಕ.

ರಾತ್ರಿಪಾಳಿ ಅವರ ಮಾತು ಓದಿ ಹುಡುಕಿದೆ. ತಂಗಿಯ ಫೋನ್‌ನಲ್ಲಿ ತೆಗೆದ 60 ಪುಟ ಎಚ್‌ಇಐಸಿಯಲ್ಲೇ ಇದ್ದವು. ಅವನ್ನು ಬದಲಾಯಿಸಿಕೊಂಡೆವು. ನಿನ್ನೆ ರಾತ್ರಿ ಉಬುಂಟುನಲ್ಲಿ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ 11 ಪುಟ ಬಿಟ್ಟು ಎಲ್ಲವೂ ನೇರ ನಿಂತಿವೆ. ಆ 11ರಲ್ಲಿ ಮೂಲೆಯೇ ಹರಿದುಹೋಗಿದೆ, ಪ್ರೋಗ್ರಾಂಗೆ ನಾಲ್ಕನೇ ಮೂಲೆ ಸಿಕ್ಕಿಲ್ಲ. ಅವಕ್ಕೆ ನಾನೇ ಕೈಯಿಂದ ಗುರುತು ಮಾಡುತ್ತೇನೆ.

ಮೂರನೇ ಪುಸ್ತಕದಲ್ಲಿ ಒಂದು ಪುಟ ಪೂರ್ತಿ ಕಂದು ಕಲೆ ಇತ್ತು, ಫೋಟೊದಲ್ಲಿ ಏನೂ ಓದಲು ಆಗುತ್ತಿರಲಿಲ್ಲ. ನೆರಳು ತೆಗೆದ ಮೇಲೆ ಪೆನ್ಸಿಲ್ ಗೆರೆಗಳು ಎದ್ದು ಬಂದಿವೆ. ನನ್ನ ಅಮ್ಮ ಮೊದಲ ಸಲ ಹೆಜ್ಜೆ ಇಟ್ಟ ದಿನ ಬರೆದಿದ್ದಾರೆ. ಅಮ್ಮನಿಗೆ ಓದಿ ಹೇಳಲು ಈಗ ಹೋಗುತ್ತಿದ್ದೇನೆ.